ಕೆಂಪು ಚೌಕದ ಹಿಂದಿನ ಚೋಪ್ರಾ

ಮೊನ್ನೆ ಮಕ್ತಲ್ ಪ್ಯಾಟಿಯೊಳಗ ಖಾಲಿ ಪಟ್ಟಿ ತೋರಿಸಿ ನಿದ್ದೆಗುಳಿಗಿ ಕೇಳಿದೆ. ಡಾಕ್ಟರ ಚೀಟಿ ಇಲ್ಲದೆ ಅಂಗಡಿಯವ ಕೊಡಲಿಲ್ಲ. ಸಿಟ್ಟು ಬಂತು. ಆದರೆ ಪಟ್ಟಿಯ ಮ್ಯಾಲಿನ ಕೆಂಪು ಚೌಕ ಕಂಡು ಸರ್ ರಾಮನಾಥ ಚೋಪ್ರಾ ನೆನಪಾದರು.

ಚೋಪ್ರಾ ಹುಟ್ಟಿದ್ದು 1882ರಲ್ಲಿ, ಈಗ ಪಾಕಿಸ್ತಾನಕ್ಕೆ ಸೇರಿದ ಗುಜ್ರಾನ್‌ವಾಲಾದಲ್ಲಿ. ಕೇಂಬ್ರಿಜ್‌ನಲ್ಲಿ ಓದಿ, ಸೈನ್ಯದ ವೈದ್ಯರಾಗಿ ದುಡಿದು, 1921ರಲ್ಲಿ ಕಲಕತ್ತೆಯಲ್ಲಿ ಔಷಧಶಾಸ್ತ್ರದ ಪ್ರಾಧ್ಯಾಪಕರಾದರು. ಆಗ ಬಾಟಲಿ ಮ್ಯಾಲೆ ಬರೆದದ್ದು ಒಳಗೆ ಐತೋ ಇಲ್ಲೋ ಕೇಳುವವರಿರಲಿಲ್ಲ. ಮಲೇರಿಯಾದ ಕ್ವಿನೈನ್‌ನಲ್ಲೂ ಮೋಸ. 1930ರಲ್ಲಿ ಸರ್ಕಾರ ವಿಚಾರಣಾ ಸಮಿತಿ ಮಾಡಿ ಇವರನ್ನೇ ಅಧ್ಯಕ್ಷರಾಗಿ ನೇಮಿಸಿತು. ವರದಿ 1931ಕ್ಕೇ ಬಂತು. ಕಾಯಿದೆ ಆಗಿದ್ದು 1940ಕ್ಕೆ, ನಿಯಮಗಳು 1945ಕ್ಕೆ. ಸರ್ಕಾರದ ನಡಿಗೆ ಅಂದೂ ಹಂಗೇ! ಅದು ಬ್ರಿಟಿಷ್ ಭಾರತದ ಕಾಯಿದೆ. ನಮ್ಮೂರುಗಳು ಆಗ ನಿಜಾಮರ ರಾಜ್ಯದೊಳಗಿದ್ದವು.

ಈಗ ಎಚ್ ಪಟ್ಟಿಯ ಔಷಧಕ್ಕೆ ಚೀಟಿ ಬೇಕು. 2013ರಲ್ಲಿ ಸೇರಿಸಿದ ಎಚ್-1ಕ್ಕೆ ಚೀಟಿಯ ಜೊತೆಗೆ ರೋಗಿಯ, ಡಾಕ್ಟರ ಹೆಸರು ಬರೆದ ರಿಜಿಸ್ಟರನ್ನು ಅಂಗಡಿಯವ ಮೂರು ವರ್ಷ ಇಡಬೇಕು. ಎಕ್ಸ್ ಪಟ್ಟಿ ಇನ್ನೂ ಬಿಗಿ. ನಾ ಕೇಳಿದ ಅಲ್ಪ್ರಾಜೋಲಂ ಎಚ್-1ರದು. 1985ರ ಮಾದಕ ವಸ್ತು ಕಾಯಿದೆಯೊಳಗೂ ಐತಿ. ಇದನ್ನೇ ಕದ್ದುಮುಚ್ಚಿ ಸೇಂದಿಗೆ ಬೆರೆಸುತ್ತಾರೆ. ಅಂಥ ಸೇಂದಿ ಸಿಗದ ದಿನ ಕೈ ನಡುಗಿ, ಫಿಟ್ಸ್ ಬಂದು ಬಿದ್ದ ಆಳನ್ನು ನಮ್ಮ ಹೊಲದೊಳಗೇ ನೋಡೀನಿ.

ಅಫೀಮು, ಗಾಂಜಾ ಚಟದ ಬಗ್ಗೆಯೂ ಚೋಪ್ರಾ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದರು. ಮುಂದೆ ಕಾಶ್ಮೀರದಲ್ಲಿ ಕೆಲಸ ಮಾಡಿ, 1973ರಲ್ಲಿ ತೀರಿಕೊಂಡರು.

ಮರುದಿನ ನಾರಾಯಣಪೇಟೆಗೆ ಹೋಗಿ ಡಾಕ್ಟರಿಗೆ ತೋರಿಸಿ ಚೀಟಿ ತಂದೆ. ಅಂಗಡಿಯವ ರಿಜಿಸ್ಟರಿನೊಳಗ ನನ್ನ ಹೆಸರು ಬರಕೊಂಡ.