ಬ್ರಿಯಾನ್ ಜೋನ್ಸ್

ಲೂಯಿಸ್ ಬ್ರಿಯಾನ್ ಹಾಪ್ಕಿನ್ ಜೋನ್ಸ್ (ಫೆಬ್ರುವರಿ ೨೮, ೧೯೪೨ – ಜುಲೈ ೩, ೧೯೬೯) ಇಂಗ್ಲೆಂಡಿನ ಸಂಗೀತಗಾರರು ಮತ್ತು 'ದಿ ರೋಲಿಂಗ್ ಸ್ಟೋನ್ಸ್' ರಾಕ್ ತಂಡದ ಸ್ಥಾಪಕರು. ಅಮೆರಿಕದ ಕಪ್ಪು ಜನರ ಬ್ಲೂಸ್ ಗೀತೆಗಳನ್ನು ನುಡಿಸಲೆಂದು ಇವರು ಕಟ್ಟಿದ ತಂಡವು ಮುಂದೆ ಸ್ವಂತ ರಚನೆಗಳಿಂದ ಜಗತ್ಪ್ರಸಿದ್ಧವಾಯಿತು. ಗೀತರಚನೆಯಲ್ಲಿ ಪಾಲಿಲ್ಲದ ಜೋನ್ಸ್ ತಾವೇ ಕಟ್ಟಿದ ತಂಡದಲ್ಲಿ ಕ್ರಮೇಣ ಹಿನ್ನೆಲೆಗೆ ಸರಿದರು.

ಬಾಲ್ಯ

ಜೋನ್ಸ್ ಗ್ಲೌಸ್ಟರ್‌ಷೈರ್‌ನ ಚೆಲ್ಟನ್‌ಹ್ಯಾಂ ಪಟ್ಟಣದಲ್ಲಿ ಜನಿಸಿದರು. ತಂದೆ ವಿಮಾನ ಎಂಜಿನಿಯರ್. ತಾಯಿ ಪಿಯಾನೊ ಶಿಕ್ಷಕಿ. ಬಾಲ್ಯದಿಂದಲೂ ಅವರಿಗೆ ಉಬ್ಬಸದ ತೊಂದರೆಯಿತ್ತು. ಪಿಯಾನೊ, ಕ್ಲಾರಿನೆಟ್ ಮತ್ತು ಸ್ಯಾಕ್ಸೋಫೋನ್‌ಗಳನ್ನು ಕಲಿತು, ಅನಂತರ ಗಿಟಾರಿನತ್ತ ಹೊರಳಿದರು.

ತಂಡದ ಸ್ಥಾಪನೆ

೧೯೬೨ರಲ್ಲಿ ಲಂಡನ್ನಿನ ಈಲಿಂಗ್ ಕ್ಲಬ್ಬಿನಲ್ಲಿ 'ಎಲ್ಮೊ ಲೂಯಿಸ್' ಎಂಬ ಹೆಸರಿನಿಂದ ಸ್ಲೈಡ್ ಗಿಟಾರ್ ನುಡಿಸುತ್ತಿದ್ದಾಗ ಅವರಿಗೆ ಮಿಕ್ ಜ್ಯಾಗರ್ ಮತ್ತು ಕೀತ್ ರಿಚರ್ಡ್ಸ್ ಅವರ ಪರಿಚಯವಾಯಿತು. ಅದೇ ವರ್ಷ ಅವರು ಪತ್ರಿಕೆಯಲ್ಲಿ ಜಾಹೀರಾತು ನೀಡಿ ವಾದಕರನ್ನು ಕೂಡಿಸಿದರು. ಮಡ್ಡಿ ವಾಟರ್ಸ್ ಅವರ ಹಾಡೊಂದರಿಂದ ತಂಡದ ಹೆಸರನ್ನು ಆರಿಸಿಕೊಂಡರು. ಜುಲೈ ೧೨ರಂದು ಮಾರ್ಕ್ವೀ ಕ್ಲಬ್ಬಿನಲ್ಲಿ ತಂಡದ ಮೊದಲ ಕಾರ್ಯಕ್ರಮ ನಡೆಯಿತು.

ಕವರ್ ಗೀತೆಗಳು

ಬೇರೆ ಕಲಾವಿದರ ಗೀತೆಯನ್ನು ತಮ್ಮದೇ ರೀತಿಯಲ್ಲಿ ಹಾಡುವುದಕ್ಕೆ ಕವರ್ ಎಂದು ಹೆಸರು. ತಂಡದ ಆರಂಭಿಕ ಕೀರ್ತಿಗೆ ಇಂಥ ಗೀತೆಗಳೇ ಕಾರಣ. ೧೯೬೩ರ ಮೊದಲ ಧ್ವನಿಮುದ್ರಿಕೆ 'ಕಮ್ ಆನ್' ಚಕ್ ಬೆರಿ ಅವರ ರಚನೆ. ಎರಡನೆಯದು ಬೀಟಲ್ಸ್ ತಂಡದ ಲೆನನ್ ಮತ್ತು ಮ್ಯಾಕಾರ್ಟ್ನಿ ಅವರದು. ಬಡ್ಡಿ ಹಾಲಿ ಅವರ 'ನಾಟ್ ಫೇಡ್ ಅವೇ' ಗೀತೆಗೆ ಜೋನ್ಸ್ ಹಾರ್ಮೋನಿಕಾ ನುಡಿಸಿದರು. ವಿಲ್ಲಿ ಡಿಕ್ಸನ್ ರಚಿಸಿ ಹೌಲಿನ್ ವುಲ್ಫ್ ಹಾಡಿದ್ದ 'ಲಿಟಲ್ ರೆಡ್ ರೂಸ್ಟರ್' ಗೀತೆಯು ಜೋನ್ಸ್ ಅವರ ಸ್ಲೈಡ್ ಗಿಟಾರಿನೊಂದಿಗೆ ೧೯೬೪ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಪಡೆಯಿತು. ೧೯೬೫ರಲ್ಲಿ ಅಮೆರಿಕದ ದೂರದರ್ಶನ ಕಾರ್ಯಕ್ರಮವೊಂದರಲ್ಲಿ ತಂಡವು ಹೌಲಿನ್ ವುಲ್ಫ್ ಅವರಿಗೂ ವೇದಿಕೆ ದೊರಕಿಸಿತು.

ಸ್ವಂತ ರಚನೆಗಳ ಕಾಲ

ವ್ಯವಸ್ಥಾಪಕ ಆಂಡ್ರ್ಯೂ ಲೂಗ್ ಓಲ್ಡ್‌ಹ್ಯಾಂ ಅವರ ಒತ್ತಾಯದಿಂದ ಜ್ಯಾಗರ್ ಮತ್ತು ರಿಚರ್ಡ್ಸ್ ಗೀತರಚನೆಗೆ ತೊಡಗಿದರು. ೧೯೬೬ರ 'ಆಫ್ಟರ್‌ಮ್ಯಾತ್' ಆಲ್ಬಮ್ಮಿನ ಎಲ್ಲ ಗೀತೆಗಳೂ ಇವರಿಬ್ಬರವೇ. ಹೀಗೆ ತಂಡದ ಮುಂದಾಳುತನವೂ ರಚನೆಕಾರರ ಕೈಸೇರಿತು. ಆದರೂ ಆ ಗೀತೆಗಳಿಗೆ ವಿಶಿಷ್ಟ ನಾದ ತಂದವರು ಜೋನ್ಸ್. 'ಪೇಂಟ್ ಇಟ್ ಬ್ಲ್ಯಾಕ್' ಗೀತೆಯ ಸಿತಾರ್, 'ಅಂಡರ್ ಮೈ ತಂಬ್' ಗೀತೆಯ ಮರಿಂಬಾ, 'ಲೇಡಿ ಜೇನ್' ಗೀತೆಯ ಡಲ್ಸಿಮರ್, 'ರೂಬಿ ಟ್ಯೂಸ್‌ಡೇ' ಗೀತೆಯ ರೆಕಾರ್ಡರ್ ಎಂಬ ಕೊಳಲು ಇವೆಲ್ಲ ಅವರ ವಾದನ.

ಸಂಕಲನಗಳಲ್ಲಿ ಜೋನ್ಸ್

ತಂಡದ ಜನಪ್ರಿಯ ಗೀತೆಗಳ ಎರಡು ಸಂಕಲನಗಳು ಈ ಬದಲಾವಣೆಗೆ ಸಾಕ್ಷಿಯಾಗಿವೆ. ೧೯೬೬ರ 'ಬಿಗ್ ಹಿಟ್ಸ್ (ಹೈ ಟೈಡ್ ಅಂಡ್ ಗ್ರೀನ್ ಗ್ರಾಸ್)' ಸಂಕಲನದ ಬ್ರಿಟಿಷ್ ಆವೃತ್ತಿಯ ೧೪ ಗೀತೆಗಳಲ್ಲಿ ೫ ಕವರ್ ಗೀತೆಗಳು. ೧೯೬೯ರ ಸೆಪ್ಟೆಂಬರಿನಲ್ಲಿ ಬಂದ 'ತ್ರೂ ದಿ ಪಾಸ್ಟ್, ಡಾರ್ಕ್ಲಿ' ಸಂಕಲನದ ಬ್ರಿಟಿಷ್ ಆವೃತ್ತಿಯ ೧೨ರಲ್ಲಿ ಉಳಿದದ್ದು ಒಂದೇ. ಅಷ್ಟಭುಜಾಕೃತಿಯ ಹೊದಿಕೆಯುಳ್ಳ ಈ ಎರಡನೆಯ ಸಂಕಲನವು ಹೊರಬರುವ ವೇಳೆಗೆ ಜೋನ್ಸ್ ತೀರಿಕೊಂಡಿದ್ದರು. ಅದರಲ್ಲಿ ಅವರ ನೆನಪಿಗಾಗಿ ಕೆಲವು ಸಾಲುಗಳನ್ನು ಮುದ್ರಿಸಲಾಯಿತು. ಅದೇ ಸಂಕಲನದಲ್ಲಿರುವ 'ಹಾಂಕಿ ಟಾಂಕ್ ವಿಮೆನ್' ಗೀತೆಯಲ್ಲಿ ಗಿಟಾರ್ ನುಡಿಸಿದವರು ಜೋನ್ಸ್ ಅವರ ಸ್ಥಾನಕ್ಕೆ ಬಂದ ಮಿಕ್ ಟೇಲರ್.

ಕೊನೆಯ ದಿನಗಳು

ಮಾದಕ ವಸ್ತುಗಳ ವ್ಯಸನ, ೧೯೬೭ ಮತ್ತು ೧೯೬೮ರ ಬಂಧನಗಳು ಜೋನ್ಸ್ ಅವರನ್ನು ಕುಗ್ಗಿಸಿದವು. ೧೯೬೮ರಲ್ಲಿ ಮೊರಾಕ್ಕೊದ ಜೂಜೂಕಾ ಹಳ್ಳಿಯಲ್ಲಿ ಅವರು ಧ್ವನಿಮುದ್ರಿಸಿಕೊಂಡ ಜನಪದ ಸಂಗೀತವು ೧೯೭೧ರಲ್ಲಿ ಪ್ರಕಟವಾಯಿತು. ೧೯೬೯ರ ಜೂನ್‌ನಲ್ಲಿ ತಂಡದೊಡನೆ ಅವರ ಸಂಬಂಧ ಕಡಿಯಿತು. ಒಂದು ತಿಂಗಳೊಳಗೆ, ಸಸೆಕ್ಸ್‌ನ ಕಾಚ್‌ಫರ್ಡ್ ಫಾರ್ಮ್‌ನಲ್ಲಿದ್ದ ತಮ್ಮ ಮನೆಯ ಈಜುಕೊಳದಲ್ಲಿ ಮುಳುಗಿ ನಿಧನರಾದರು. ಅವರಿಗಾಗ ೨೭ ವರ್ಷ. ಸಾವು ಆಕಸ್ಮಿಕವೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಜುಲೈ ೫ರಂದು ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ನಡೆದ ಉಚಿತ ಕಛೇರಿಯನ್ನು ತಂಡವು ಅವರ ಸ್ಮರಣೆಗೆ ಅರ್ಪಿಸಿತು. ಚೆಲ್ಟನ್‌ಹ್ಯಾಂನಲ್ಲಿ ಅವರ ಸಮಾಧಿಯಿದೆ.