ಕರಕರ ಇಲ್ಲದ ರೇಡಿಯೋ: ಎಡ್ವಿನ್ ಆರ್ಮ್‌ಸ್ಟ್ರಾಂಗ್ ಕಥೆ

ಎಫ್‌ಎಂ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಎರಡೇ ನೆನಪು. ಒಂದು ಬಸ್ಸಿನಲ್ಲಿ ಡ್ರೈವರ್ ಹಾಕುವ ಹಾಡು, ಇನ್ನೊಂದು ಕಮ್ಯುನಿಕೇಶನ್ ಪೇಪರಿನಲ್ಲಿ ತಪ್ಪದೇ ಬರೋ ಕಾರ್ಸನ್ ರೂಲ್ ಪ್ರಾಬ್ಲಂ. ತಮಾಷೆ ಏನಪ್ಪಾ ಅಂದ್ರೆ, ಎಫ್‌ಎಂನಿಂದ ಯಾವ ಲಾಭವೂ ಇಲ್ಲ ಅಂತ 1922ರಲ್ಲಿ ಲೆಕ್ಕ ಮಾಡಿ ತೋರಿಸಿದ್ದು ಇದೇ ಕಾರ್ಸನ್. ಆ ಲೆಕ್ಕಕ್ಕೆ ಸುಮ್ಮನಾಗದೆ ಟ್ರಾನ್ಸ್‌ಮಿಟರ್ ಕಟ್ಟಿ, ಆನ್ ಮಾಡಿ, ಕೇಳಿ ನೋಡಿದವರು ಎಡ್ವಿನ್ ಹೋವರ್ಡ್ ಆರ್ಮ್‌ಸ್ಟ್ರಾಂಗ್.

ಅವರು ಹುಟ್ಟಿದ್ದು 1890ರ ಡಿಸೆಂಬರ್ 18ರಂದು, ನ್ಯೂಯಾರ್ಕಿನಲ್ಲಿ. ಬೆಳೆದದ್ದು ಹಡ್ಸನ್ ನದಿ ದಡದ ಯೋಂಕರ್ಸ್ ಊರಿನಲ್ಲಿ. ಚಿಕ್ಕಂದಿನಲ್ಲಿ ಬಂದ ಕಾಯಿಲೆಯಿಂದ ಮುಖ, ಭುಜ ಆಗಾಗ ತಾನಾಗೇ ಅದುರುತ್ತಿತ್ತು, ಅದು ಜೀವನಪೂರ್ತಿ ಹೋಗಲಿಲ್ಲ. ಆದರೆ ಎತ್ತರ ಅಂದ್ರೆ ಹುಡುಗನಿಗೆ ಸ್ವಲ್ಪವೂ ಭಯ ಇರಲಿಲ್ಲ. ಮನೆಯ ಪಕ್ಕದಲ್ಲೇ 125 ಅಡಿ ಎತ್ತರದ ಆಂಟೆನಾ ಕಂಬವನ್ನು ತಾನೇ ನಿಲ್ಲಿಸಿದ್ದ.

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದುತ್ತಿದ್ದಾಗ, 1912ರಲ್ಲಿ, ಮೊದಲ ದೊಡ್ಡ ಆವಿಷ್ಕಾರ ಆಯ್ತು. ವ್ಯಾಕ್ಯೂಮ್ ಟ್ಯೂಬಿನ ಔಟ್‌ಪುಟ್‌ನ ಒಂದು ಭಾಗವನ್ನು ವಾಪಸ್ ಇನ್‌ಪುಟ್‌ಗೆ ಕೊಟ್ಟರೆ, ಕ್ಷೀಣವಾದ ಸಿಗ್ನಲ್ ಕೂಡ ಎಷ್ಟೋ ಪಟ್ಟು ಜೋರಾಗುತ್ತೆ. ವಾಪಸ್ ಕೊಡೋದನ್ನು ಇನ್ನೂ ಜಾಸ್ತಿ ಮಾಡಿದರೆ ಟ್ಯೂಬ್ ತಾನೇ ಆಸಿಲೇಟ್ ಆಗೋಕೆ ಶುರು ಮಾಡುತ್ತೆ, ಅಂದ್ರೆ ರಿಸೀವರ್ ಹೋಗಿ ಟ್ರಾನ್ಸ್‌ಮಿಟರ್ ಆಗುತ್ತೆ. ಇವತ್ತು ಒಂದೇ ಟ್ರಾನ್ಸಿಸ್ಟರ್ ಇರೋ ಎಫ್‌ಎಂ ಕಿಟ್ ಕೆಲಸ ಮಾಡೋದೂ ಇದೇ ಫೀಡ್‌ಬ್ಯಾಕ್‌ನಿಂದ. ಪೇಟೆಂಟ್‌ಗೆ ದುಡ್ಡು ಕೇಳಿದಾಗ ಅಪ್ಪ ಮೊದಲು ಡಿಗ್ರಿ ಮುಗಿಸು ಅಂದರು. ಹಾಗಾಗಿ 1913ರ ಜನವರಿ 31ರಂದು ಸರ್ಕ್ಯೂಟಿನ ಚಿತ್ರಕ್ಕೆ ನೋಟರಿ ಹತ್ತಿರ ಮುದ್ರೆ ಹಾಕಿಸಿ ಇಟ್ಟುಕೊಂಡರು. ಅಷ್ಟರಲ್ಲಿ ಲೀ ಡಿ ಫಾರೆಸ್ಟ್ ಅದೇ ಆವಿಷ್ಕಾರ ತನ್ನದು ಅಂತ ಹೇಳಲು ದಾರಿ ಆಗಿತ್ತು. ಇಪ್ಪತ್ತು ವರ್ಷ ಎಳೆದ ಆ ಜಗಳದಲ್ಲಿ 1934ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಡಿ ಫಾರೆಸ್ಟ್ ಪರ ತೀರ್ಪು ಕೊಟ್ಟಿತು. ರೇಡಿಯೋ ಎಂಜಿನಿಯರ್‌ಗಳ ಸಂಸ್ಥೆ ಈ ಕೆಲಸಕ್ಕೆ ಕೊಟ್ಟಿದ್ದ ಪದಕವನ್ನು ಆರ್ಮ್‌ಸ್ಟ್ರಾಂಗ್ ವಾಪಸ್ ಕೊಡೋಕೆ ಹೋದರು. ಸಂಸ್ಥೆಯವರು ತೆಗೆದುಕೊಳ್ಳಲೇ ಇಲ್ಲ.

ಈ ನಡುವೆ ಮೊದಲ ಮಹಾಯುದ್ಧದಲ್ಲಿ ಸೈನ್ಯ ಸೇರಿ, 1918ರಲ್ಲಿ ಪ್ಯಾರಿಸ್‌ನಲ್ಲಿದ್ದಾಗ ಸೂಪರ್‌ಹೆಟೆರೊಡೈನ್ ರಿಸೀವರ್ ಕಂಡುಹಿಡಿದಿದ್ದರು. ಪೇಟೆಂಟ್ ಮಾರಿ ಆರ್‌ಸಿಎ ಕಂಪನಿಯ ದೊಡ್ಡ ಷೇರುದಾರರೂ ಆದರು. 1923ರಲ್ಲಿ ಆ ಕಂಪನಿಯ ಡೇವಿಡ್ ಸಾರ್ನಾಫ್ ಅವರ ಸೆಕ್ರೆಟರಿ ಮೇರಿಯನ್ ಅವರನ್ನು ಮದುವೆಯಾದರು.

ಆಗಿನ ಎಎಂ ರೇಡಿಯೋದ ದೊಡ್ಡ ತಲೆನೋವು ಕರಕರ ಸದ್ದು. ಮಿಂಚು ಹೊಡೆದರೂ ಸದ್ದು, ಪಕ್ಕದಲ್ಲಿ ಮೋಟಾರ್ ಓಡಿದರೂ ಸದ್ದು. ಈ ಗಲಾಟೆ ಮುಖ್ಯವಾಗಿ ಅಲೆಯ ಎತ್ತರವನ್ನು ಕೆಡಿಸುತ್ತೆ, ಎಎಂನಲ್ಲಿ ಮಾತು ಕೂತಿರೋದೂ ಅದೇ ಎತ್ತರದಲ್ಲಿ. ಹಾಗಾದ್ರೆ ಮಾತನ್ನು ಫ್ರೀಕ್ವೆನ್ಸಿಯಲ್ಲಿ ಇಟ್ಟು, ಎತ್ತರದ ಏರಿಳಿತವನ್ನು ರಿಸೀವರ್‌ನಲ್ಲೇ ಕತ್ತರಿಸಿಬಿಟ್ಟರೆ? ಕಾರ್ಸನ್ ಮುಂತಾದವರು ಬ್ಯಾಂಡ್‌ವಿಡ್ತ್ ಉಳಿಸೋದರ ಬಗ್ಗೆ ಯೋಚಿಸಿದ್ದರು. ಆರ್ಮ್‌ಸ್ಟ್ರಾಂಗ್ ಉಲ್ಟಾ ಹೋಗಿ ಬ್ಯಾಂಡ್‌ವಿಡ್ತನ್ನು ಅಗಲ ಮಾಡಿದರು. ಈಗ ನಾವು 75 ಕಿಲೋಹರ್ಟ್ಸ್ ಡೀವಿಯೇಶನ್, 15 ಕಿಲೋಹರ್ಟ್ಸ್ ಆಡಿಯೋ ಹಾಕಿ 180 ಅಂತ ಉತ್ತರ ಬರೀತೀವಲ್ಲ, ಆ ಅಗಲದ ಹಿಂದೆ ಇರೋದು ಈ ಯೋಚನೆ. 1933ರ ಡಿಸೆಂಬರ್ 26ರಂದು ಪೇಟೆಂಟ್ ಸಿಕ್ಕಿತು.

ಆಮೇಲೆ ಪರೀಕ್ಷೆ. 1934ರ ಜೂನ್‌ನಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ ಮೇಲಿದ್ದ ಆರ್‌ಸಿಎ ಆಂಟೆನಾದಿಂದ ಪ್ರಸಾರ ಮಾಡಿದರು. ಸುಮಾರು 110 ಕಿಲೋಮೀಟರ್ ದೂರದಲ್ಲಿ ರಿಸೀವರ್ ಇತ್ತು. ಆರ್ಗನ್ ಸಂಗೀತವನ್ನು ಒಮ್ಮೆ ಎಎಂನಲ್ಲಿ, ಒಮ್ಮೆ ಎಫ್‌ಎಂನಲ್ಲಿ ಕಳಿಸಿ ಹೋಲಿಸಿದರು. ಯಾವುದು ಚೆನ್ನ ಅನ್ನೋದಕ್ಕೆ ಬೇರೆ ವಾದ ಬೇಕಾಗಲಿಲ್ಲ. ಆದರೆ ಆರ್‌ಸಿಎಗೆ ಟಿವಿ ಮುಖ್ಯವಾಗಿತ್ತು. 1935ರಲ್ಲಿ ಸಾಮಾನು ತೆಗೀರಿ ಅಂದರು.

ಅದೇ ವರ್ಷ ನವೆಂಬರ್ 5ರಂದು ನ್ಯೂಯಾರ್ಕಿನ ಎಂಜಿನಿಯರ್‌ಗಳ ಸಭೆಯಲ್ಲಿ ಆರ್ಮ್‌ಸ್ಟ್ರಾಂಗ್ ಪೇಪರ್ ಓದಿದರು. ಡೆಮೊ ಬಂದದ್ದು ಯಾವ ಕಂಪನಿಯ ಸ್ಟೇಷನ್‌ನಿಂದಲೂ ಅಲ್ಲ, ಯೋಂಕರ್ಸ್‌ನಲ್ಲಿ ಹ್ಯಾಮ್ ಗೆಳೆಯ ರನ್ಯನ್ ಮನೆಯಲ್ಲಿದ್ದ ಟ್ರಾನ್ಸ್‌ಮಿಟರ್‌ನಿಂದ. ಅಲ್ಲಿ ಲೋಟಕ್ಕೆ ನೀರು ಸುರಿದರೆ, ಕಾಗದ ಮುದುರಿದರೆ, ಆ ಸಣ್ಣ ಸದ್ದು ಇಲ್ಲಿ ಸಭೆಯಲ್ಲಿ ಹಾಗೇ ಕೇಳಿಸಿತು.

ನಂತರ ಪ್ರಾಯೋಗಿಕ ಪರವಾನಗಿ ಪಡೆದು, ಸ್ವಂತ ದುಡ್ಡಿನಲ್ಲಿ, ಯೋಂಕರ್ಸ್ ಎದುರಿಗೆ ನದಿಯ ಆಚೆ ಆಲ್ಪೈನ್‌ನಲ್ಲಿ 400 ಅಡಿಗೂ ಎತ್ತರದ ಗೋಪುರ ಕಟ್ಟಿ ಡಬ್ಲ್ಯೂ2ಎಕ್ಸ್‌ಎಂಎನ್ ಸ್ಟೇಷನ್ ಶುರು ಮಾಡಿದರು. ಇಷ್ಟು ತಿಳಿದವರೇ ಪರವಾನಗಿ ತಗೊಂಡಿದ್ದರು ಅನ್ನೋದನ್ನ ಎಸ್.ಪಿ. ರೋಡ್‌ನಲ್ಲಿ ಕಿಟ್ ಕೊಳ್ಳೋ ನಾವು ಗಮನಿಸಬೇಕು. ನಮ್ಮ ದೇಶದಲ್ಲೂ ಅನುಮತಿ ಇಲ್ಲದೆ ಪ್ರಸಾರ ಮಾಡೋದು ಅಪರಾಧ. 108 ಮೆಗಾಹರ್ಟ್ಸ್ ದಾಟಿದ ತಕ್ಷಣ ಇರೋದು ವಿಮಾನಗಳ ಬ್ಯಾಂಡ್. ಟ್ರಿಮ್ಮರ್ ಸ್ವಲ್ಪ ಜಾಸ್ತಿ ತಿರುಗಿದರೆ ನಮ್ಮ ಸಿಗ್ನಲ್ ಅಲ್ಲಿಗೆ ಹೋಗುತ್ತೆ. ಆದ್ದರಿಂದ ಲ್ಯಾಬ್‌ನಲ್ಲಿ, ಮೇಷ್ಟ್ರು ಇರುವಾಗ, ಆಂಟೆನಾ ಜಾಗದಲ್ಲಿ 50 ಓಮ್‌ನ ಡಮ್ಮಿ ಲೋಡ್ ಹಾಕಿ, ಫ್ರೀಕ್ವೆನ್ಸಿ ಮತ್ತು ಹಾರ್ಮೋನಿಕ್ಸ್ ನೋಡೋದು ಒಳ್ಳೇದು.

ಎರಡನೇ ಮಹಾಯುದ್ಧದಲ್ಲಿ ಆರ್ಮ್‌ಸ್ಟ್ರಾಂಗ್ ತಮ್ಮ ಎಫ್‌ಎಂ ಪೇಟೆಂಟ್‌ಗಳನ್ನು ಅಮೆರಿಕದ ಸೈನ್ಯಕ್ಕೆ ರಾಯಲ್ಟಿ ಇಲ್ಲದೆ ಬಿಟ್ಟುಕೊಟ್ಟರು. ಆದರೆ 1945ರಲ್ಲಿ ಸರ್ಕಾರದ ಎಫ್‌ಸಿಸಿ ಎಫ್‌ಎಂ ಬ್ಯಾಂಡನ್ನು 42–50 ಮೆಗಾಹರ್ಟ್ಸ್‌ನಿಂದ ಎತ್ತಿ 88ರ ಮೇಲಕ್ಕೆ ಹಾಕಿತು. ಜನರ ಮನೆಯಲ್ಲಿದ್ದ ಲಕ್ಷಾಂತರ ರೇಡಿಯೋಗಳು ಒಂದು ಆದೇಶದಿಂದ ಕೆಲಸಕ್ಕೆ ಬಾರದಂತಾದವು. ಯಾವ ಸರ್ಕ್ಯೂಟಿನಲ್ಲೂ ದೋಷ ಇರಲಿಲ್ಲ. 1948ರಲ್ಲಿ ಅವರು ಆರ್‌ಸಿಎ ಮೇಲೆ ಪೇಟೆಂಟ್ ಕೇಸು ಹಾಕಿದರು. ಕೇಸು ಎಳೆಯುತ್ತಲೇ ಹೋಯ್ತು, ಪೇಟೆಂಟ್‌ಗಳ ಅವಧಿ ಮುಗಿಯಿತು, ದುಡ್ಡೂ ಕರಗಿತು. ಮನೆಯಲ್ಲಿ ಜಗಳವಾಗಿ ಮೇರಿಯನ್ ದೂರ ಹೋದರು. 1954ರ ಚಳಿಗಾಲದಲ್ಲಿ, 63ನೇ ವಯಸ್ಸಿಗೆ, ಆರ್ಮ್‌ಸ್ಟ್ರಾಂಗ್ ಆತ್ಮಹತ್ಯೆ ಮಾಡಿಕೊಂಡರು.

ಮುಂದಿನ ಹೋರಾಟವನ್ನು ಕೈಗೆತ್ತಿಕೊಂಡವರು ಅದೇ ಮೇರಿಯನ್. ಆರ್‌ಸಿಎ ಜೊತೆ ಸುಮಾರು 10 ಲಕ್ಷ ಡಾಲರ್‌ಗೆ ರಾಜಿ ಆಯ್ತು. ಉಳಿದ ಕಂಪನಿಗಳ ಮೇಲಿನ ಕೇಸುಗಳನ್ನು ಅವರು ಬಿಡಲಿಲ್ಲ. 1967ರಲ್ಲಿ ಕೊನೆಯದಾದ ಮೋಟೊರೋಲಾ ಕೇಸನ್ನೂ ಗೆದ್ದರು. ತಮ್ಮ ಗಂಡ ಮಾಡಿದ್ದು ಸರಿ ಅಂತ ಕೋರ್ಟಿನಲ್ಲೇ ಸಾಬೀತಾಗೋಕೆ, ಅವರು ಹೋದ ಮೇಲೆ ಹದಿಮೂರು ವರ್ಷ ಬೇಕಾಯ್ತು.

ಆಲ್ಪೈನ್ ಗೋಪುರ ಈಗಲೂ ಇದೆ. 2001ರ ಸೆಪ್ಟೆಂಬರ್ 11ರಂದು ವರ್ಲ್ಡ್ ಟ್ರೇಡ್ ಸೆಂಟರ್ ಜೊತೆಗೆ ಅದರ ಮೇಲಿದ್ದ ಆಂಟೆನಾಗಳೂ ಬಿದ್ದಾಗ, ನ್ಯೂಯಾರ್ಕಿನ ಕೆಲವು ಟಿವಿ ಚಾನೆಲ್‌ಗಳು ತಾತ್ಕಾಲಿಕವಾಗಿ ಪ್ರಸಾರ ಮಾಡಿದ್ದು ಅಲ್ಲಿಂದಲೇ. ಮುಂದಿನ ಸಲ ಕಾರ್ಸನ್ ರೂಲ್ ಬರೆಯುವಾಗ ಆರ್ಮ್‌ಸ್ಟ್ರಾಂಗ್ ಅವರನ್ನೂ ಒಮ್ಮೆ ನೆನಪಿಸಿಕೊಳ್ಳಿ.