ಮಿದುಳಿನ ಮೋಜಣಿದಾರ ಬ್ರಾಡ್ಮನ್ನರು

ನಮ್ಮ ಖಾನಾಪುರ ಸೀಮೆಯ ರೈತನು ತನ್ನ ಹೊಲವನ್ನು ಸರ್ವೆ ನಂಬರಿನಿಂದ ಗುರುತಿಸುವಂತೆ, ಮಿದುಳಿನ ತಜ್ಞರು ಅದರ ಹೊರಪದರದ ಭಾಗಗಳನ್ನು ಸಂಖ್ಯೆಗಳಿಂದ ಗುರುತಿಸುತ್ತಾರೆ. ಆ ಸಂಖ್ಯೆಗಳನ್ನು ಹಾಕಿಕೊಟ್ಟ ಮಹನೀಯರು ಜರ್ಮನಿಯ ಕೊರ್ಬಿನಿಯನ್ ಬ್ರಾಡ್ಮನ್ನರು.

1868ರಲ್ಲಿ ಲಿಗ್ಗರ್ಸ್‌ಡಾರ್ಫ್ ಎಂಬ ಗ್ರಾಮದಲ್ಲಿ ಜನಿಸಿದ ಇವರು ವೈದ್ಯವಿದ್ಯೆಯನ್ನು ಪೂರೈಸಿದ ತರುವಾಯ, ಫ್ರಾಂಕ್‌ಫರ್ಟಿನಲ್ಲಿ ವಿಖ್ಯಾತ ವೈದ್ಯರಾದ ಆಲ್ಝೈಮರರ ಸಹವಾಸದಿಂದ ಮಿದುಳಿನ ಅಧ್ಯಯನಕ್ಕೆ ಒಲಿದರು. 1901ರಲ್ಲಿ ಬರ್ಲಿನ್ನಿಗೆ ಬಂದು ಓಸ್ಕರ್ ಫೋಗ್ಟರ ಪ್ರಯೋಗಶಾಲೆಯನ್ನು ಸೇರಿದರು. ಮೃತರ ಮಿದುಳನ್ನು ಕಾಗದಕ್ಕಿಂತ ತೆಳುವಾಗಿ ಸೀಳಿ, ಬಣ್ಣವೇರಿಸಿ, ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳ ಪದರಗಳನ್ನು ಪರೀಕ್ಷಿಸುವುದು ಅವರ ನಿತ್ಯದ ಕಾಯಕವಾಯಿತು. ಪದರಗಳ ದಪ್ಪವೂ ದಟ್ಟಣೆಯೂ ಎಲ್ಲಿ ಬದಲಾದುವೋ ಅಲ್ಲಿ ಗಡಿಯನ್ನೆಳೆದರು. 1909ರಲ್ಲಿ ಲೈಪ್‌ಜಿಗ್ ನಗರದಲ್ಲಿ ಅವರ ಮಹಾಗ್ರಂಥವು ಪ್ರಕಟವಾಯಿತು. ಅವರ ಸಂಖ್ಯೆಗಳು 52ರವರೆಗೆ ಸಾಗುತ್ತವೆ; ಅವುಗಳಲ್ಲಿ ಕೆಲವನ್ನು ಮನುಷ್ಯನ ನಕ್ಷೆಯಲ್ಲಿ ಬಳಸಿಲ್ಲ. 4ನೆಯದು ಅಂಗಚಲನೆಗೆ, 17ನೆಯದು ದೃಷ್ಟಿಗೆ, 44ನೆಯದು ಮಾತಿಗೆ ಸಂಬಂಧಿಸಿದುದು.

ಇಂತಹ ವಿದ್ವಾಂಸರ ಪ್ರೌಢಪ್ರಬಂಧವನ್ನು ಬರ್ಲಿನ್ ವಿಶ್ವವಿದ್ಯಾಲಯವು ತಿರಸ್ಕರಿಸಿತು. ಎದೆಗುಂದದೆ 1910ರಲ್ಲಿ ಟ್ಯೂಬಿಂಗೆನ್ನಿಗೆ ತೆರಳಿದರು. ಅಲ್ಲಿ ಪ್ರಾಧ್ಯಾಪಕ ಪದವಿಯು ದೊರೆಯಿತು. ಗೃಹಸ್ಥರಾದುದು ತಡವಾಗಿ, 1917ರಲ್ಲಿ. ಮರುವರ್ಷ ಮ್ಯೂನಿಕ್ ನಗರದ ಹೊಸ ಸಂಶೋಧನ ಸಂಸ್ಥೆಯಲ್ಲಿ ಮನಸ್ಸಿಗೊಪ್ಪುವ ಸ್ಥಾನವು ಒದಗಿತು. ಆದರೆ ಕೆಲವೇ ತಿಂಗಳುಗಳಲ್ಲಿ, 1918ರ ಆಗಸ್ಟ್ 22ರಂದು, ರಕ್ತದ ನಂಜಿನಿಂದ ತೀರಿಕೊಂಡರು. ಆಗ ಅವರ ವಯಸ್ಸು 49, ಮಗಳಿನ್ನೂ ಹಸುಗೂಸು.

ನಕ್ಷೆಯಾದರೋ ಉಳಿಯಿತು. ಫ್ರಾನ್ಸಿನ ತಲೈರಾಕ್ ಮತ್ತು ಟೂರ್ನೂ ಎಂಬ ವಿದ್ವಾಂಸರು 1988ರ ತಮ್ಮ ಗ್ರಂಥದಲ್ಲಿ ಈ ವಿಭಾಗಗಳಿಗೆ ಉದ್ದ, ಅಗಲ, ಎತ್ತರಗಳ ಅಳತೆಯನ್ನು ಹೊಂದಿಸಿದರು. ಅದರಿಂದಾಗಿ ಸ್ಕ್ಯಾನಿನಲ್ಲಿ ತೋರಿದ ಬಿಂದುವು ಯಾವ ವಿಭಾಗದ್ದೆಂದು ಗಣಕಯಂತ್ರವು ತಿಳಿಸಬಲ್ಲುದಾಯಿತು. ಆದರೆ ಇಬ್ಬರ ಮುಖವು ಒಂದೇ ಆಗಿರದಂತೆ ಇಬ್ಬರ ಮಿದುಳೂ ಒಂದೇ ಆಗಿರದು. ಒಂದೇ ಮಿದುಳಿನ ಗಡಿಯನ್ನು ಎಲ್ಲರಿಗೂ ಅನ್ವಯಿಸಿದರೆ ತಪ್ಪಾಗುವುದು. ಆದುದರಿಂದ ಜರ್ಮನಿಯ ಯೂಲಿಚ್ ನಗರದ ಸಂಶೋಧಕರು 23 ಮೃತರ ಮಿದುಳುಗಳನ್ನು ಸೀಳಿ ನೋಡಿ, ಗಡಿಗಳು ವ್ಯಕ್ತಿಯಿಂದ ವ್ಯಕ್ತಿಗೆ ಎಷ್ಟು ಸರಿಯುತ್ತವೆಂಬುದನ್ನು ಗಣಕದಿಂದ ಲೆಕ್ಕಹಾಕಿ, 2020ರಲ್ಲಿ ಹೊಸ ನಕ್ಷೆಯನ್ನು ಪ್ರಕಟಿಸಿದರು. ಅದಕ್ಕೂ ಆಧಾರವು ಬ್ರಾಡ್ಮನ್ನರು ನೋಡಿದ ಕೋಶಪದರಗಳೇ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಮೃತರ ಬಂಧುಗಳು ದಾನವಿತ್ತ ಮಿದುಳುಗಳನ್ನು ಸಂಶೋಧನೆಗಾಗಿ ಕಾಪಿಡುವ ಭಂಡಾರವಿದೆ. ನಕ್ಷೆಯ ಮೇಲೆ ಬ್ರಾಡ್ಮನ್ನರ ಹೆಸರುಂಟು, ಮಿದುಳನ್ನಿತ್ತವರ ಹೆಸರಿಲ್ಲ. ಅಧ್ಯಾಪಕರು ವಿದ್ಯಾರ್ಥಿಗಳಿಗೆ ಆ ವಿದ್ವಾಂಸರ ತಾಳ್ಮೆಯೊಡನೆ ಈ ಅನಾಮಿಕ ದಾನವನ್ನೂ ತಿಳಿಸಿಕೊಡುವುದು ಯುಕ್ತವಾಗಿದೆ.